ಮೂಗರ್ಜಿಯ ಮನೆತನವಲ್ಲ

ನಮ್ಮ ಬಚ್ಚಲುಮನೆಯ ಕಿಟಕಿಯಲ್ಲಿ ಹಿಡಿ ಮುರಿದ ಒಂದು ಕಾಫಿ ಮಗ್ ಇದೆ. ಅದರಲ್ಲಿ ಯಾರೂ ಕಾಫಿ ಕುಡಿದ ನೆನಪು ನನಗಿಲ್ಲ. ಹಲ್ಲುಜ್ಜುವ ಬ್ರಷ್ಷುಗಳು, ನಾಲಿಗೆ ಕೆರೆಯುವ ತಗಡು, ಯಾವ ಕಾಲದ್ದೋ ಒಂದು ಬಾಚಣಿಗೆ, ಇವೇ ಅದರ ಸಂಸಾರ. ಹೋದ ವಾರ ಬಚ್ಚಲು ತೊಳೆಯುತ್ತಿದ್ದ ನನ್ನ ಹೆಂಡತಿ ಅದನ್ನು ಎತ್ತಿ ಹಿಡಿದು, "ಇದನ್ನ ಒಗದು ಬಿಡ್ಲೇನ್ರಿ?" ಎಂದು ಕೇಳಿದಳು.

ನಾವು ಗದಗದ ಕಡೆಯವರು. ನಮ್ಮಲ್ಲಿ ಒಗೆಯುವುದು ಎಂದರೆ ಎಸೆಯುವುದು ಎಂದೂ ಆಗುತ್ತದೆ. ಜಾಲಹಳ್ಳಿಗೆ ಬಂದ ಹೊಸತರಲ್ಲಿ ಇವಳು ನನ್ನ ಹರಿದ ಅಂಗಿಯೊಂದನ್ನು ಕೆಲಸದವಳ ಕೈಗೆ ಕೊಟ್ಟು "ಒಗದು ಬಿಡವ್ವಾ" ಎಂದಿದ್ದಳು. ಆಕೆ ಅದನ್ನು ಸೋಪು ಹಾಕಿ ತಿಕ್ಕಿ, ಒಣಗಿಸಿ, ಮಡಚಿ ತಂದುಕೊಟ್ಟಳು. ಆ ಅಂಗಿಯನ್ನು ನಾನು ಇನ್ನೂ ಒಂದು ವರ್ಷ ತೊಟ್ಟೆ. ಒಂದು ಮಾತು ಒಂದು ಬಾಯಿಂದ ಇನ್ನೊಂದು ಕಿವಿಗೆ ಹೋಗುವುದರೊಳಗೆ ಏನೇನೋ ಆಗಿಬಿಡುತ್ತದೆ ಎಂದು ನನಗೆ ಅಂದೇ ತಿಳಿಯಬೇಕಿತ್ತು. ಆಗ ನಕ್ಕು ಸುಮ್ಮನಾದೆವು.

"ಬ್ಯಾಡ, ಇರ್ಲಿ ಬಿಡು" ಎಂದೆ. ಮಗ್‌ನ ಒಂದು ಬದಿಯಲ್ಲಿ ಇಂಗ್ಲಿಷ್ ಇದೆ, ಅದು ಅಳಿಸಿಹೋಗಿದೆ. ಇನ್ನೊಂದು ಬದಿಯಲ್ಲಿ ಕನ್ನಡ: "ಧೈರ್ಯವಾಗಿ ಹೇಳಿ". ಅದರ ಕೆಳಗೆ ಒಂದು ಫೋನ್ ನಂಬರು. ಕನ್ನಡದ ಆ ಎರಡು ಪದಗಳು ನನ್ನವು. ನನ್ನ ಜೀವನದಲ್ಲಿ ಅಚ್ಚಾದ ಸಾಹಿತ್ಯ ಅಷ್ಟೇ.

ನಾನು ತುಮಕೂರು ರಸ್ತೆಯ ಬದಿಯ ಒಂದು ಕಾರ್ಖಾನೆಯಲ್ಲಿ ಪರ್ಸೊನೆಲ್ ವಿಭಾಗದ ಗುಮಾಸ್ತನಾಗಿದ್ದೆ. ನಲ್ಲಿಗಳನ್ನು ಮಾಡುವ ಕಾರ್ಖಾನೆ. ಹಿತ್ತಾಳೆಯ ನಲ್ಲಿಗೆ ಕನ್ನಡಿಯಂಥ ಹೊಳಪು ಕೊಟ್ಟು ಪೆಟ್ಟಿಗೆಗೆ ತುಂಬಿ ಹಡಗು ಹತ್ತಿಸುತ್ತಿದ್ದೆವು. ಮಾಲೀಕರು ಮೊದಲು ಇಲ್ಲಿಯವರೇ ಇದ್ದರು. ಎರಡು ಸಾವಿರದ ಹತ್ತೋ ಹನ್ನೊಂದೋ ಇರಬೇಕು, ರಸ್ತೆಯುದ್ದಕ್ಕೂ ಮೆಟ್ರೋಗೆಂದು ಅಗೆದು ದಿನಾ ಬಸ್ಸಿನಲ್ಲಿ ಧೂಳು ತಿನ್ನುತ್ತಿದ್ದ ಕಾಲ, ಹೊರದೇಶದ ದೊಡ್ಡ ಕಂಪನಿಯೊಂದು ಕಾರ್ಖಾನೆಯನ್ನು ಕೊಂಡುಕೊಂಡಿತು. ಬೋರ್ಡು ಬದಲಾಯಿತು, ಕ್ಯಾಂಟೀನಿಗೆ ಫ್ಯಾನು ಬಂತು, ಪಾಯಿಖಾನೆಗೆ ಬಾಗಿಲು ಬಂತು. ಅವರನ್ನು ಕೆಟ್ಟವರೆಂದು ಹೇಳಿಬಿಟ್ಟರೆ ನನಗೂ ನಿಮಗೂ ಕಥೆ ಸುಲಭವಾಗುತ್ತಿತ್ತು. ಅವರು ಕೆಟ್ಟವರಾಗಿರಲಿಲ್ಲ, ನಮ್ಮನ್ನು ಹೆಸರು ಹಿಡಿದು ಮಾತಾಡಿಸುತ್ತಿದ್ದರು.

ಅವರ ಜೊತೆಗೇ ಒಂದು ನೀತಿಸಂಹಿತೆಯೂ ಬಂತು. ನಮ್ಮ ಕಂಪನಿ ಲೋಕದ ಯಾವ ಮೂಲೆಯಲ್ಲಿದ್ದರೂ ಒಂದೇ ನೀತಿ. ಲಂಚ ಕೊಡಬಾರದು, ನೀರು ಕೆಡಿಸಬಾರದು. ತಪ್ಪು ಕಂಡವರು ಇಂಥ ನಂಬರಿಗೆ ಫೋನು ಮಾಡಿ ಹೇಳಬೇಕು. ಇದನ್ನೆಲ್ಲ ಕನ್ನಡಕ್ಕೆ ಮಾಡುವವರು ಯಾರು? "ನೀವು ಆ ಕಡೆಯೋರು ಸಾರ್, ಒಳ್ಳೆ ಕನ್ನಡ ನಿಮ್ದು" ಎಂದು ನಮ್ಮ ವಿಭಾಗದ ಮುಖ್ಯಸ್ಥರು ಆ ಪುಸ್ತಿಕೆಯನ್ನು ನನ್ನ ಮೇಜಿನ ಮೇಲೆ ಇಟ್ಟರು. ಪಿ.ಯು.ಸಿ.ಯಲ್ಲಿ ಕನ್ನಡಕ್ಕೆ ನನಗೆ ಬಂದ ಅಂಕ ಅವರಿಗೆ ಗೊತ್ತಿರಲಿಲ್ಲ, ನಾನೂ ಹೇಳಲು ಹೋಗಲಿಲ್ಲ.

ಸೀಟಿ ಊದುವವನು ಎಂಬ ಅರ್ಥ ಬರುವ ಒಂದು ಇಂಗ್ಲಿಷ್ ಪದದ ಹತ್ತಿರ ನಾನು ಸಿಕ್ಕಿಹಾಕಿಕೊಂಡೆ. ತಪ್ಪು ನಡೆಯುವುದನ್ನು ಕಂಡು ಬಾಯಿಬಿಟ್ಟು ಹೇಳುವವನಿಗೆ ಅವರು ಇಟ್ಟ ಹೆಸರು ಅದು. ಕನ್ನಡದಲ್ಲಿ ಹುಡುಕಿದರೆ ಚಾಡಿಕೋರ ಸಿಕ್ಕಿದ, ಬಾತ್ಮೀದಾರ ಸಿಕ್ಕಿದ, ಪಿತೂರಿ ಮಾಡುವವನು ಸಿಕ್ಕಿದ. ಮರ್ಯಾದಸ್ಥ ಒಬ್ಬನೂ ಸಿಗಲಿಲ್ಲ. ಅಕೌಂಟ್ಸಿನ ಗೆಳೆಯನೊಬ್ಬ, "ಕಂಡಕ್ಟರ್ ಅಂತ ಹಾಕಿ ಗುರು, ಸೀಟಿ ಊದೋನು ಅವನೇ ತಾನೆ" ಎಂದ. ಕೊನೆಗೆ "ಎಚ್ಚರಿಸುವವರು" ಎಂದು ಬರೆದೆ, ಘೋಷವಾಕ್ಯಕ್ಕೆ "ಧೈರ್ಯವಾಗಿ ಹೇಳಿ" ಎಂದೆ. ಎರಡು ದಿನ ನನಗೆ ನಾನೇ ಕವಿಯಂತೆ ಕಂಡೆ.

ಇಷ್ಟು ಹೇಳಿದ್ದು ಗಂಗಹನುಮಯ್ಯನವರ ಬಗ್ಗೆ ಹೇಳುವುದಕ್ಕೆ. ಮಾಕಳಿಯ ಹಳೆಯ ಒಕ್ಕಲು ಮನೆತನ. ಎಲ್ಲರಿಗೂ ಅವರು ಗಂಗಣ್ಣ. ನಲ್ಲಿಗೆ ಹೊಳಪು ಕೊಟ್ಟ ಮೇಲೆ ಉಳಿಯುವ ವಿಷದ ನೀರನ್ನು ದೊಡ್ಡ ತೊಟ್ಟಿಗಳಲ್ಲಿ ತುಂಬಿ, ಔಷಧಿ ಬೆರೆಸಿ, ಕೆಸರು ಇಳಿಸಿ, ತಿಳಿಯಾಗಿಸುವ ಜಾಗ ಒಂದಿತ್ತು. ಅದನ್ನು ನಾವು ನೀರು ಪ್ಲಾಂಟು ಅನ್ನುತ್ತಿದ್ದೆವು. ಅಲ್ಲಿನ ಕೆಲಸ ಗಂಗಣ್ಣನವರದು. ಅವರ ತಾತ ಊರ ಕೆರೆಯ ನೀರುಗಂಟಿಯಾಗಿದ್ದರಂತೆ, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿ ತೂಬು ತೆಗೆದು ಮುಚ್ಚುವವರು. ಹಾಗಾಗಿ ಕಾರ್ಖಾನೆಯಲ್ಲೂ ಹುಡುಗರು ಇವರನ್ನು ನೀರುಗಂಟಿ ಎಂದೇ ರೇಗಿಸುತ್ತಿದ್ದರು. ಅವರಿಗೆ ಅದರಿಂದ ಬೇಜಾರಿರಲಿಲ್ಲ, ಹೆಮ್ಮೆಯೇ ಇತ್ತು.

ಅವರ ನಾಲಿಗೆಗೆ 'ಹ' ಬರುತ್ತಿರಲಿಲ್ಲ. ನನ್ನ ಪೋಸ್ಟರು ಗೋಡೆಗೆ ಅಂಟಿದ ದಿನ ಅದರ ಮುಂದೆ ನಿಂತು ಜೋರಾಗಿ ಓದಿದರು: "ಧೈರ್ಯವಾಗಿ ಏಳಿ." ನಾನು ತಿದ್ದಲು ಬಾಯಿ ತೆರೆದೆ. ಅವರು ತಿರುಗಿ, "ಚೆಂದಾಗಿ ಬರ್ದಿದ್ದೀರ ಸಾ" ಎಂದರು. ಎದ್ದು ನಿಲ್ಲಿ ಎಂದೇ ಅರ್ಥ ಮಾಡಿಕೊಂಡರೋ, ಮಾತಾಡಿ ಎಂದು ಮಾಡಿಕೊಂಡರೋ ನನಗೆ ಇವತ್ತಿಗೂ ತಿಳಿಯದು. ಇಂಗ್ಲಿಷಿನವರ ಮನಸ್ಸಿನಲ್ಲಿ ಎರಡೂ ಇತ್ತೇನೋ ಎಂದುಕೊಂಡು ತಿದ್ದದೆ ಬಿಟ್ಟೆ.

ಈ ನೀತಿಯನ್ನು ತಿಳಿಸಿಕೊಡಲು ಅವರ ದೇಶದಿಂದಲೇ ಒಬ್ಬ ಹೆಂಗಸು ಬಂದರು. ಚೆಂಡುಹೂವಿನ ಹಾರವನ್ನು ಸಂಜೆಯವರೆಗೂ ಕೊರಳಿನಿಂದ ತೆಗೆಯಲಿಲ್ಲ, ಕ್ಯಾಂಟೀನಿನ ಚಿತ್ರಾನ್ನವನ್ನು ಕೈಯಲ್ಲೇ ತಿಂದರು. ನಾನು ಪಕ್ಕದಲ್ಲಿ ನಿಂತು ಅವರ ಮಾತನ್ನು ಕನ್ನಡಕ್ಕೆ ಮಾಡುತ್ತಿದ್ದೆ. "ಫೋನು ಮಾಡುವಾಗ ನೀವು ಹೆಸರು ಹೇಳಬೇಕಾಗಿಲ್ಲ" ಎಂದರು. ಹೇಳಿದೆ. ಹಿಂದಿನ ಸಾಲಿನಿಂದ ಗಂಗಣ್ಣ ಎದ್ದು ನಿಂತರು.

"ಎಸ್ರು ಏಳ್ದಿದ್ರೆ ಅದು ಮೂಗರ್ಜಿ ಆಯ್ತದಲ್ಲ ಸಾ? ನಮ್ದು ಮೂಗರ್ಜಿ ಮನೆತನ ಅಲ್ಲ."

ಮೂಗರ್ಜಿ. ಸಹಿ ಇಲ್ಲದ ಅರ್ಜಿ, ಮೂಗನ ಅರ್ಜಿ. ನಮ್ಮ ಕಚೇರಿಗಳಲ್ಲಿ ಅದು ಬಂದಾಗ ಓದಿ ನಕ್ಕು ಬುಟ್ಟಿಗೆ ಹಾಕುವವರೇ ಹೆಚ್ಚು. ಗಂಗಣ್ಣನವರಿಗೆ ಅದರ ಮೇಲೆ ಬೇರೆ ಸಿಟ್ಟಿತ್ತು. ಅವರ ತಾತ ರಾತ್ರಿ ಹೊತ್ತು ತೂಬು ತೆಗೆದು ಬೇಕಾದವರಿಗೆ ನೀರು ಬಿಡುತ್ತಾನೆ ಎಂದು ಯಾರೋ ಅಮಲ್ದಾರರಿಗೆ ಮೂಗರ್ಜಿ ಹಾಕಿದ್ದರಂತೆ. ತಾತ ಅರಳಿಕಟ್ಟೆಯ ಮೇಲೆ ಕೂತು, ಬರೆದವನು ಬಂದು ಎದುರಿಗೆ ಹೇಳಲಿ ಎಂದು ದಿನಗಟ್ಟಲೆ ಕಾದರಂತೆ. ಯಾರೂ ಬರಲಿಲ್ಲ. ತೂಬಿನ ಬೀಗದ ಕೈ ಒಪ್ಪಿಸಿ ಮನೆಗೆ ಬಂದವರು ಮತ್ತೆ ಕೆರೆ ಏರಿ ಹತ್ತಲಿಲ್ಲ. ಹೆಸರು ಮುಚ್ಚಿಟ್ಟು ಮಾತಾಡುವುದು ಕಳ್ಳತನ ಎಂಬುದು ಆ ಮನೆಯಲ್ಲಿ ಅನ್ನದ ಜೊತೆ ಕಲಸಿ ತಿನ್ನಿಸಿದ್ದ ಮಾತು.

ಇದನ್ನೆಲ್ಲ ನಾನು ಆ ಹೆಂಗಸಿಗೆ ವಿವರಿಸಿದೆ. ಮೂಗರ್ಜಿಗೆ ಇಂಗ್ಲಿಷ್ ಪದ ಹುಡುಕುತ್ತ ಅರ್ಧ ಬೆವರಿದೆ. ಅವರು ವೇದಿಕೆಯಿಂದ ಇಳಿದು ಬಂದು ಗಂಗಣ್ಣನವರ ಕೈ ಹಿಡಿದುಕೊಂಡು, "ನೀವು ನಮ್ಮ ಕಂಪನಿಯ ಕಣ್ಣು" ಎಂದರು. ಆ ಮಾತು ಸುಳ್ಳಾಗಿರಲಿಲ್ಲ ಎಂದೇ ನಾನು ಈಗಲೂ ನಂಬುತ್ತೇನೆ. ಸಂಜೆ ಎಲ್ಲರಿಗೂ ಒಂದೊಂದು ಮಗ್ ಹಂಚಿದರು.

ನೀರು ಪ್ಲಾಂಟಿನ ಹಿಂಗೋಡೆಯ ಬಳಿ ಒಂದು ಹಳೆಯ ವಾಲ್ ಇತ್ತು. ಅದನ್ನು ತಿರುಗಿಸಿದರೆ ತೊಟ್ಟಿಯ ನೀರು ತಿಳಿಯಾಗುವ ಮೊದಲೇ ಹೊರಗಿನ ರಾಜಕಾಲುವೆಗೆ ಹೋಗುತ್ತಿತ್ತು, ಅಲ್ಲಿಂದ ಕೆರೆಗೆ. ಹೊರದೇಶದಿಂದ ದೊಡ್ಡ ಆರ್ಡರು ಬಂದು ಕಂಟೇನರು ಗೇಟಿನಲ್ಲಿ ನಿಂತಾಗ ತೊಟ್ಟಿಗಳು ತುಂಬಿ ತುಳುಕುತ್ತಿದ್ದವು. ನೀರು ತಿಳಿಯಾಗುವವರೆಗೆ ಕಾದರೆ ಹಡಗು ತಪ್ಪುತ್ತದೆ. ಆಗ ಪ್ಲಾಂಟ್ ಮ್ಯಾನೇಜರು ಗಂಗಣ್ಣನವರಿಗೆ ಫೋನು ಮಾಡಿ, "ಗಂಗಣ್ಣ, ಸ್ವಲ್ಪ ನೋಡ್ಕೊಳ್ಳಿ" ಎನ್ನುತ್ತಿದ್ದರು. ಅಷ್ಟೇ. ಅದರ ಅರ್ಥ ಹೇಳಿದವರಿಗೂ ಗೊತ್ತು, ಕೇಳಿದವರಿಗೂ ಗೊತ್ತು. ಈ ನೋಡ್ಕೊಳ್ಳಿ ಎಂಬ ಪದದ ಮೇಲೆ ನಮ್ಮ ಊರಿನ ಎಷ್ಟು ಕಚೇರಿಗಳು ನಡೆಯುತ್ತಿವೆ, ನಿಮಗೇ ಗೊತ್ತಿರುತ್ತದೆ.

ಹಳೆಯ ಮಾಲೀಕರ ಕಾಲದಲ್ಲಿ ಇದು ಅಪರೂಪಕ್ಕೆ ನಡೆಯುತ್ತಿತ್ತು. ಹೊಸ ಕಂಪನಿಯ ಆರ್ಡರುಗಳು ದೊಡ್ಡವು, ಗಡುವು ಚಿಕ್ಕದು, ತೊಟ್ಟಿ ಮಾತ್ರ ಹಳೆಯದೇ. ಇನ್ನೊಂದು ತೊಟ್ಟಿ ಕಟ್ಟಿಸಿ ಎಂದು ಕೇಳಿದರೆ ಬಜೆಟ್ಟಿಲ್ಲ ಎನ್ನುತ್ತಿದ್ದರು. ತಿಂಗಳಿಗೆ ಎಷ್ಟೋ ಸಲ ವಾಲ್ ತಿರುಗತೊಡಗಿತು. ಆ ನೀರು ಹೋಗಿ ಸೇರುತ್ತಿದ್ದದ್ದು ಗಂಗಣ್ಣನವರ ತಾತ ಕಾಯುತ್ತಿದ್ದ ಕೆರೆಗೆ. ಮೀನು ಮೊದಲು ಹೋದವು. ಆಮೇಲೆ ಬೋರ್‌ವೆಲ್ಲಿನ ನೀರಿಗೆ ಹಳದಿ ಬಣ್ಣ ಬಂತು, ಬೀದಿಯ ಹೆಂಗಸರ ಕೈ ತುರಿಸತೊಡಗಿತು. ದೂರದ ದೇಶದಲ್ಲಿ ಯಾರೋ ನಮ್ಮ ನಲ್ಲಿ ತಿರುಗಿಸಿ, ಬಂದ ನೀರನ್ನು ಹಾಗೇ ಬಾಯಿಗೆ ಹಾಕಿಕೊಳ್ಳುತ್ತಾರಂತೆ. ನಲ್ಲಿ ಮಾಡಿದ ಊರಿನವರು ಕ್ಯಾನಿನ ನೀರು ಕೊಳ್ಳತೊಡಗಿದರು.

"ನನ್ ಕೈಯಾರೆ ಬುಡ್ತಾ ಇವ್ನಿ ಸಾ" ಎಂದರು ಒಂದು ಮಧ್ಯಾಹ್ನ ಗಂಗಣ್ಣ, ಊಟದ ಡಬ್ಬಿ ಮುಚ್ಚುತ್ತ. "ನಮ್ ತಾತ ಗದ್ದೆಗೆ ಬುಡ್ತಿದ್ದ. ನಾನು ಇಂಗೆ ಬುಡ್ತೀನಿ. ಆ ನಂಬರಿಗೆ ಒಂದ್ ಮಾತು ಏಳ್ಬುಡ್ತೀನಿ."

ಕ್ಯಾಂಟೀನಿನ ಹಿಂದೆ, ಸಿಲಿಂಡರುಗಳ ಪಕ್ಕದಲ್ಲಿ ನಿಂತು ಅವರು ಫೋನು ಮಾಡಿದಾಗ ನಾನು ಜೊತೆಯಲ್ಲಿದ್ದೆ. ಹೆಸರು ಹೇಳಬೇಡಿ ಗಂಗಣ್ಣ, ಬೇಕಾಗಿಲ್ಲ ಎಂದು ಅವರೇ ಹೇಳಿದ್ದಾರೆ, ಎಂದು ಬಗೆಬಗೆಯಾಗಿ ತಿಳಿಹೇಳಿದ್ದೆ. ಅವರು ತಲೆಯಾಡಿಸಿದ್ದರು. ಸ್ಪೀಕರಿಗೆ ಹಾಕಿದ್ದ ಫೋನನ್ನು ಅತ್ತ ಕಡೆ ಕನ್ನಡದ ಒಬ್ಬ ಹುಡುಗಿ ಎತ್ತಿದಳು. ಗಂಗಣ್ಣ ಬೀಗರ ಮನೆಗೆ ಹೋದವರಂತೆ ಅಂಗಿ ಸರಿಮಾಡಿಕೊಂಡು ಶುರುಮಾಡಿದರು: "ನಮಸ್ಕಾರ ಕಣವ್ವಾ. ನಾನು ಗಂಗಅನುಮಯ್ಯ. ಮಾಕಳಿ ನೀರುಗಂಟಿ ಚಿಕ್ಕಣ್ಣನ ಮೊಮ್ಮಗ. ಊಟ ಆಯ್ತಾ?"

ಆ ಹುಡುಗಿ ಒಂದು ಗಳಿಗೆ ತಡೆದು, "ಆಯ್ತು ಸರ್, ನಿಮ್ದು?" ಎಂದಳು. ಗಂಗಣ್ಣನವರ ಮುಖ ಅರಳಿತು. ಆಮೇಲೆ ಎಲ್ಲ ಹೇಳಿದರು. ವಾಲ್ ಎಲ್ಲಿದೆ, ಯಾವಾಗ ತೆಗೆಯುತ್ತೇನೆ, ಯಾರು ಹೇಳುತ್ತಾರೆ. ಅವಳು ಸಮಾಧಾನದಿಂದ ಬರೆದುಕೊಂಡಳು. "ಸಂಬಂಧಪಟ್ಟವರಿಗೆ ಕಳಿಸ್ತೀವಿ ಸರ್" ಎಂದಳು. ಫೋನು ಇಟ್ಟ ಮೇಲೆ ಗಂಗಣ್ಣ ನನಗೆ, "ಒಳ್ಳೆ ಮನೆ ಮಗು ಸಾ" ಎಂದರು. ಅವತ್ತು ಅವರು ಬಹಳ ಹಗುರವಾಗಿದ್ದರು.

ಸಂಬಂಧಪಟ್ಟವರು ಯಾರು? ಆ ದೂರು ಸಮುದ್ರ ದಾಟಿ ಅವರ ದೇಶಕ್ಕೆ ಹೋಗಿ, ಅಲ್ಲಿಂದ "ಸ್ಥಳೀಯ ಆಡಳಿತ ಪರಿಶೀಲಿಸಲಿ" ಎಂಬ ಟಿಪ್ಪಣಿಯೊಂದಿಗೆ ನಮ್ಮ ಪ್ಲಾಂಟ್ ಮ್ಯಾನೇಜರ ಮೇಜಿಗೇ ಬಂದು ಕುಳಿತಿತು. ಯಾರೂ ನಿಯಮ ಮುರಿಯಲಿಲ್ಲ. ಹೆಸರು ಗುಟ್ಟಾಗಿಡುವ ನಿಯಮ ಹೆಸರು ಹೇಳದವರಿಗೆ ಮಾತ್ರವಂತೆ. ಗಂಗಣ್ಣನವರ ಹೆಸರು, ಊರು, ತಾತನ ಹೆಸರು ಎಲ್ಲ ಮೊದಲ ಸಾಲಿನಲ್ಲೇ ಇತ್ತು.

ವಿಚಾರಣೆ ನಡೆಯಿತು. ಗೋಡೆಯ ಪರದೆಯ ಮೇಲೆ ಹೊರದೇಶದ ಅಧಿಕಾರಿಯೊಬ್ಬರು, ಮೇಜಿನ ಒಂದು ಕಡೆ ಮ್ಯಾನೇಜರು ಮತ್ತು ನಮ್ಮ ವಿಭಾಗದ ಮುಖ್ಯಸ್ಥರು, ಇನ್ನೊಂದು ಕಡೆ ಗಂಗಣ್ಣ. ನಡುವೆ ದುಭಾಷಿ ನಾನು. ವಾಲ್ ತೆಗೆದವರು ಯಾರು ಎಂದು ಪರದೆ ಕೇಳಿತು.

"ನಾನೇ ಸಾ."

ತೆಗೆಯಲು ಹೇಳಿದವರು ಯಾರು?

"ಮ್ಯಾನೇಜರ್ ಸಾಯೇಬ್ರು. ನೋಡ್ಕೊಳ್ಳಿ ಅಂದ್ರು."

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಹಾಗೆಂದರೆ ನಮ್ಮಲ್ಲಿ ತೆಗೆಯಿರಿ ಎಂದೇ ಅರ್ಥ ಎಂದೂ ಸೇರಿಸಿದೆ. ಪರದೆಯ ಮೇಲಿನವರು ತುಂಬ ಸೌಜನ್ಯದಿಂದ, ದಯವಿಟ್ಟು ಪದಗಳನ್ನಷ್ಟೇ ಅನುವಾದಿಸಿ ಎಂದರು. ಪದದ ಅರ್ಥವೇ ಇದು ಸ್ವಾಮಿ ಎಂದು ನಾನು ಇನ್ನೊಂದು ಸಲ ಹೇಳಿದೆ. ಅವರು ಇನ್ನೊಂದು ಸಲ ಧನ್ಯವಾದ ಹೇಳಿದರು. ಮ್ಯಾನೇಜರು ಶಾಂತವಾಗಿ, "ನೀರು ಆಚೆ ಹೋಗದ ಹಾಗೆ ನೋಡ್ಕೊಳ್ಳಿ ಅಂತ ನಾನು ಅಂದಿದ್ದು" ಎಂದರು. ಇದನ್ನೂ ನಾನೇ ಅನುವಾದಿಸಬೇಕಾಯಿತು. ಅವರು ಹೇಳಿದ ವಾಕ್ಯದಲ್ಲಿ ವ್ಯಾಕರಣದ ತಪ್ಪೊಂದೂ ಇರಲಿಲ್ಲ.

ಆಮೇಲೆ ಅಧಿಕಾರಿ ಫೋನಿನ ಮಾತುಕತೆಯ ವರದಿ ನೋಡುತ್ತ, ದೂರು ಬರೆದುಕೊಂಡ ಹುಡುಗಿ ಕರೆ ಮಾಡಿದವರ ಜೊತೆ ಊಟದ ವಿಷಯ ಮಾತಾಡಿದ್ದಾಳೆ, ಇದು ನಿಯಮಕ್ಕೆ ವಿರುದ್ಧ, ಅವಳ ಮೇಲೆ ಕ್ರಮ ಆಗಬೇಕು ಎಂದರು. ಅದನ್ನು ಕನ್ನಡದಲ್ಲಿ ಹೇಳಿದೆ. ಅಲ್ಲಿಯವರೆಗೆ ನೆಟ್ಟಗೆ ಕೂತಿದ್ದ ಗಂಗಣ್ಣ ಒಮ್ಮೆಲೇ ಕಂಗಾಲಾದರು. "ಆ ಮಗೀಂದು ಏನೂ ತಪ್ಪಿಲ್ಲ ಅಂತ ಏಳಿ ಸಾ. ಕೇಳಿದ್ದು ನಾನು. ಉಣ್ಣೋ ಒತ್ತಲ್ಲಿ ಮಾಡಿದ್ದೆ, ಅದಕ್ಕೆ ಕೇಳ್ದೆ." ನಾನು ಹೇಳಿದೆ. ಪರದೆ ಅಷ್ಟು ಹೊತ್ತಿಗೆ ಆರಿತ್ತು.

ನಮ್ಮ ಮುಖ್ಯಸ್ಥರು ಕಾಗದಗಳನ್ನು ಜೋಡಿಸಿಕೊಳ್ಳುತ್ತ, "ಸರಿ ಗಂಗಣ್ಣ, ನೀವಿನ್ನು ಏಳಿ" ಎಂದರು.

ಗಂಗಣ್ಣ ಎದ್ದರು. ನನ್ನ ಪೋಸ್ಟರು ಅದೇ ಕೋಣೆಯ ಗೋಡೆಯ ಮೇಲಿತ್ತು. ಅದರ ಮುಂದೆಯೇ ಹಾದು ಹೋದರು. ಅದನ್ನು ಓದಿದರೋ ಇಲ್ಲವೋ ನಾನು ನೋಡಲಿಲ್ಲ. ನನಗೆ ತಲೆ ಎತ್ತಲಾಗಲಿಲ್ಲ.

ಅವರನ್ನು ಕೆಲಸದಿಂದ ತೆಗೆದರು. ಕಾರಣ, ಕಂಪನಿಯ ಪರಿಸರ ನೀತಿಯನ್ನು ಉಲ್ಲಂಘಿಸಿ ವಾಲ್ ತೆರೆದದ್ದು, ಮತ್ತು ಅದನ್ನು ತಾವೇ ಒಪ್ಪಿಕೊಂಡದ್ದು. ಆ ವರ್ಷದ ಕೊನೆಗೆ ಕಂಪನಿಯ ವಾರ್ತಾಪತ್ರ ಬಂತು, ಕನ್ನಡಕ್ಕೆ ಮಾಡುವ ಕೆಲಸ ಎಂದಿನಂತೆ ನನ್ನದು. ಅದರಲ್ಲಿ ಹೀಗಿತ್ತು: ನಮ್ಮ ಸಹಾಯವಾಣಿಯ ಮೂಲಕ ಪರಿಸರ ನಿಯಮದ ಗಂಭೀರ ಉಲ್ಲಂಘನೆಯೊಂದು ಪತ್ತೆಯಾಗಿದೆ, ಸಂಬಂಧಪಟ್ಟ ಉದ್ಯೋಗಿಯ ಮೇಲೆ ಕಠಿಣ ಕ್ರಮ ಕೈಗೊಳ್ಳಲಾಗಿದೆ, ಗೋಪ್ಯತೆಯ ದೃಷ್ಟಿಯಿಂದ ಅವರ ಹೆಸರನ್ನು ಪ್ರಕಟಿಸುತ್ತಿಲ್ಲ.

ಓದುಗರೇ, ಇದರಲ್ಲಿ ಒಂದು ಸುಳ್ಳು ಹುಡುಕಿಕೊಡಿ. ನಾನು ಹುಡುಕಿ ಸೋತವನು. ಇದ್ದಿದ್ದರೆ ಸಿಟ್ಟು ಮಾಡಿಕೊಂಡು, ಬೈದು, ಸಂಜೆ ಮನೆಗೆ ಹೋಗಿ ರೊಟ್ಟಿ ತಿಂದು ಮಲಗಬಹುದಿತ್ತು. ಅಲ್ಲಿನ ಒಬ್ಬೊಬ್ಬರೂ ತಮ್ಮ ತಮ್ಮ ಕೆಲಸವನ್ನು ನಿಯಮದಂತೆ ಮಾಡಿದ್ದರು. ಹಾರ ಹಾಕಿಕೊಂಡಿದ್ದ ಆ ಹೆಂಗಸು ಕೂಡ ಈ ಸಾಲನ್ನು ಓದಿ, ಫೋನಿನ ವ್ಯವಸ್ಥೆ ಕೆಲಸ ಮಾಡುತ್ತಿದೆ ಎಂದು ಸಂತೋಷಪಟ್ಟಿರಬೇಕು. ವಾಲ್ ತಿರುಗಿಸುವ ಕೆಲಸವನ್ನು ಗುತ್ತಿಗೆಯವರಿಗೆ ಕೊಟ್ಟರು. ಗುತ್ತಿಗೆಯವರ ನೀರಿಗೆ ಗುತ್ತಿಗೆಯವರೇ ಹೊಣೆ.

ಹೋದ ವರ್ಷ ನಾನು ನಿವೃತ್ತನಾದೆ. ಮಗಳ ಮದುವೆಯ ಕರೆಯೋಲೆ ಕೊಡಲು ಈ ತಿಂಗಳು ಮಾಕಳಿಗೆ ಹೋಗಿದ್ದೆ. ಕೆರೆಯ ದಂಡೆಯ ಮೇಲೆ ಈಗ ದೊಡ್ಡ ಅಪಾರ್ಟ್‌ಮೆಂಟು ಎದ್ದಿದೆ, ಕೆರೆಯ ನೋಟ ಕಾಣುತ್ತದೆ ಎಂಬ ಅರ್ಥದ ಇಂಗ್ಲಿಷ್ ಹೆಸರು. ಕೆರೆಯ ಕಡೆಯ ಕಿಟಕಿಗಳನ್ನೆಲ್ಲ ಮುಚ್ಚಿಟ್ಟುಕೊಂಡಿದ್ದರು, ವಾಸನೆಗೆ. ಗೇಟಿನ ಬಳಿ ಖಾಕಿ ಅಂಗಿ ತೊಟ್ಟ ಗಂಗಣ್ಣ ನೀರಿನ ಟ್ಯಾಂಕರಿನ ಪೈಪನ್ನು ನೆಲದಡಿಯ ಸಂಪಿನೊಳಗೆ ಇಳಿಸುತ್ತಿದ್ದರು.

"ಈಗ್ಲೂ ವಾಲ್ ತಿರುಗ್ಸೋ ಕೆಲ್ಸನೇ ಸಾ" ಎಂದು ನಕ್ಕರು. ಕೈ ಒರೆಸಿಕೊಂಡು ಕರೆಯೋಲೆ ತೆಗೆದುಕೊಂಡರು. ಕಾರ್ಖಾನೆಯ ಬಗ್ಗೆ ಏನೂ ಕೇಳಲಿಲ್ಲ, ಮ್ಯಾನೇಜರ ಬಗ್ಗೆಯೂ ಕೇಳಲಿಲ್ಲ. ನಾನು ಹೊರಡುವಾಗ ಮಾತ್ರ ಗೇಟಿನವರೆಗೆ ಬಂದು, ದನಿ ತಗ್ಗಿಸಿ, "ಆ ಉಡ್ಗಿ ಕೆಲ್ಸದಲ್ಲಿ ಅವ್ಳಾ ಸಾ? ನನ್ನಿಂದ ಅದ್ರ ಅನ್ನ ಓಯ್ತೇನೋ. ಒಂದ್ಸಲ ಆ ನಂಬರಿಗೆ ಮಾಡಿ ನೋಡಿ" ಎಂದರು. ಇಷ್ಟು ವರ್ಷ ಆ ಮನುಷ್ಯ ಹೊತ್ತುಕೊಂಡು ತಿರುಗಿದ್ದು ಇದನ್ನು.

ಹೆಂಡತಿ ಮಗ್ ಎಸೆಯಲೇ ಎಂದು ಕೇಳಿದ್ದು ಆಮೇಲಿನ ವಾರ. ಬ್ರಷ್ಷುಗಳನ್ನು ತೆಗೆದು ಅದನ್ನು ತೊಳೆದು ಮೇಜಿನ ಮೇಲೆ ಇಟ್ಟುಕೊಂಡು ಆ ನಂಬರು ಒತ್ತಿದೆ. ಇನ್ನು ನನ್ನನ್ನು ಯಾರೂ ಕೆಲಸದಿಂದ ತೆಗೆಯಲಾರರು, ಆದ್ದರಿಂದ ಇದನ್ನು ಧೈರ್ಯ ಎಂದು ಕರೆದುಕೊಳ್ಳುವಷ್ಟು ಮೂರ್ಖ ನಾನಲ್ಲ. ಸತ್ತುಹೋಗಿರಬಹುದು ಎಂದುಕೊಂಡಿದ್ದ ನಂಬರು ಸಲೀಸಾಗಿ ರಿಂಗಾಯಿತು. ಒಬ್ಬ ಹುಡುಗಿ ಎತ್ತಿದಳು. ಕನ್ನಡದವಳೇ, ಆದರೆ ಎಳೆಯ ದನಿ, ಗಂಗಣ್ಣ ಕೇಳಿದ್ದ ಹುಡುಗಿ ಇವಳಲ್ಲ.

"ಹೆಸರು ಹೇಳ್ಬೇಕಾಗಿಲ್ಲ ಸರ್, ನಿಮ್ಮ ವಿಷಯ ಹೇಳಿ" ಎಂದಳು.

ನಾನು ನನ್ನ ಹೆಸರು ಹೇಳಿದೆ. ಅಪ್ಪನ ಹೆಸರು ಹೇಳಿದೆ, ಊರು ಹೇಳಿದೆ. ಹಿಂದೆ ಇಲ್ಲಿ ಕೆಲಸಕ್ಕಿದ್ದ ಒಬ್ಬ ಹುಡುಗಿಯನ್ನು ಕೇಳಿದೆ, ಅವಳಿಗೆ ಗೊತ್ತಿರಲಿಲ್ಲ, ಇಲ್ಲಿ ಯಾರೂ ಬಹಳ ದಿನ ಇರುವುದಿಲ್ಲ ಎಂದಳು. ಆಮೇಲೆ ಕೆರೆಯ ವಿಷಯ ಹೇಳಿದೆ. ವಾಲ್ ಈಗಲೂ ತಿರುಗುತ್ತಿದೆ ಎಂದೆ, ನೋಡ್ಕೊಳ್ಳಿ ಎಂದರೆ ಏನರ್ಥ ಎಂಬುದನ್ನೂ ಬರೆದುಕೊಳ್ಳಲು ಹೇಳಿದೆ. ಅತ್ತ ಕಡೆಯಿಂದ ಕೀಲಿಮಣೆಯ ಟಕಟಕ ಕೇಳುತ್ತಿತ್ತು. ಎಲ್ಲ ಮುಗಿದ ಮೇಲೆ, "ಸಂಬಂಧಪಟ್ಟವರಿಗೆ ಕಳಿಸ್ತೀವಿ ಸರ್" ಎಂದಳು. ಅದು ಯಾವ ಮೇಜಿಗೆ ಬರುತ್ತದೆ ಎಂದು ನನಗೆ ಗೊತ್ತಿತ್ತು. ಆ ಮೇಜಿನ ಪಕ್ಕದಲ್ಲೇ ನಾನು ಅಷ್ಟು ವರ್ಷ ಕೂತಿದ್ದೆ.

ಗೋಡೆಯ ಗಡಿಯಾರ ನೋಡಿದೆ, ಮಧ್ಯಾಹ್ನ ಮೀರಿತ್ತು. "ಊಟ ಆಯ್ತೇನವ್ವಾ?" ಎಂದೆ.

ಟಕಟಕ ನಿಂತಿತು.

"ಈ ಕಾಲ್ ರೆಕಾರ್ಡ್ ಆಗ್ತಿದೆ ಸರ್" ಎಂದಳು.